ಈಟಿಂಗ್ ಡಿಸಾರ್ಡರ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಡಯಟೀಷಿಯನ್. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರದು ಶುಗರ್, ಥೈರಾಯ್ಡ್, ತೂಕದ ವಿಷಯ. ನಡುನಡುವೆ ಬೇರೆ ಥರದ ಮನೆಯವರೂ ಬರುತ್ತಾರೆ. ಮಗಳು ಊಟಾನೇ ಮುಟ್ಟಲ್ಲ ಅಂತ, ತಿಂದದ್ದನ್ನೆಲ್ಲ ವಾಂತಿ ಮಾಡಿಕೊಳ್ಳುತ್ತಾಳೆ ಅಂತ, ಮಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಕದ್ದು ತಿನ್ನುತ್ತಾನೆ ಅಂತ. ಇದೇ ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಜೊತೆಗಿನ ನಂಟೇ ಕೆಡುವ ಮನಸ್ಸಿನ ಕಾಯಿಲೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಓದುವ ಮೊದಲು ಒಂದು ಮಾತು. ತೂಕದ ಅಂಕಿ, ಕ್ಯಾಲರಿ ಲೆಕ್ಕ ಇಲ್ಲಿ ಬೇಕಂತಲೇ ಬಿಟ್ಟಿದ್ದೇನೆ. ಈ ಕಾಯಿಲೆ ಇರುವವರ ಕಣ್ಣಿಗೆ ಬಿದ್ದರೆ ಆ ಅಂಕಿಯೇ ಅವರಿಗೆ ಗುರಿಯಾಗಿಬಿಡುತ್ತದೆ.

ಈಗ ಎಲ್ಲರೂ ಡಯಟ್ ಮಾಡ್ತಾರೆ. ಇದೂ ಅದೇ ಅಲ್ವಾ?

ಅಲ್ಲ. ಡಯಟ್ ಮಾಡುವವರು ಮದುವೆ ಮನೆಗೆ ಹೋದರೆ ಒಂದು ಹೋಳಿಗೆ ತಿಂದು, ನಾಳೆ ನೋಡೋಣ ಅಂತ ಸುಮ್ಮನಾಗುತ್ತಾರೆ. ಈ ಕಾಯಿಲೆ ಇರುವವರಿಗೆ ಆ ಒಂದು ಹೋಳಿಗೆ ಮೂರು ದಿನದ ನಿದ್ದೆ ಕೆಡಿಸುತ್ತದೆ. ಇಲ್ಲವೇ ಅವರು ಆ ಮದುವೆಗೆ ಹೋಗುವುದೇ ಇಲ್ಲ. ದಿನವಿಡೀ ತಲೆಯಲ್ಲಿ ಊಟ, ತೂಕ, ಹೊಟ್ಟೆ, ಕನ್ನಡಿ ಇಷ್ಟೇ. ಓದು, ಗೆಳೆಯರು, ನಗು ಒಂದೊಂದಾಗಿ ಹಿಂದೆ ಸರಿಯುತ್ತವೆ. ಎಷ್ಟು ತಿಂತಾರೆ ಅನ್ನೋದಕ್ಕಿಂತ ಊಟದ ವಿಷಯ ಬದುಕಿನಲ್ಲಿ ಎಷ್ಟು ಜಾಗ ತಿಂದಿದೆ ಅನ್ನೋದನ್ನು ನಾನು ಮೊದಲು ಕೇಳುತ್ತೇನೆ.

ಇದರಲ್ಲಿ ಎಷ್ಟು ಬಗೆ?

ಮುಖ್ಯವಾಗಿ ಮೂರರ ಹೆಸರು ಹೆಚ್ಚು ಕೇಳುತ್ತೀರಿ.

ಆನೊರೆಕ್ಸಿಯಾ ನರ್ವೋಸಾದಲ್ಲಿ ಊಟ ಕಡಿಮೆಯಾಗುತ್ತಾ ಹೋಗುತ್ತದೆ, ತೂಕ ಇಳಿಯುತ್ತದೆ. ಆದರೂ ದಪ್ಪಗಾಗಿಬಿಡುತ್ತೇನೆ ಅನ್ನುವ ಭಯ ಹೋಗುವುದಿಲ್ಲ. ಕನ್ನಡಿಯ ಮುಂದೆ ನಿಂತರೆ ಅವರಿಗೆ ಕಾಣುವ ದೇಹವೇ ಬೇರೆ. ಬುಲಿಮಿಯಾ ನರ್ವೋಸಾದಲ್ಲಿ ಹಿಡಿತ ತಪ್ಪಿ ಒಂದೇ ಸಲ ತುಂಬಾ ತಿನ್ನುತ್ತಾರೆ. ಆಮೇಲೆ ಹೆದರಿ ವಾಂತಿ, ಭೇದಿ ಮಾತ್ರೆ, ಉಪವಾಸ, ಮಿತಿಮೀರಿದ ವ್ಯಾಯಾಮ. ಬಿಂಜ್ ಈಟಿಂಗ್ ಡಿಸಾರ್ಡರ್‌ನಲ್ಲಿ ಹಿಡಿತ ತಪ್ಪಿ ತಿನ್ನುವುದಿದೆ, ಆಮೇಲೆ ವಾಂತಿ ಗೀಂತಿ ಇಲ್ಲ. ನಾಚಿಕೆ, ಬೇಸರ ಮಾತ್ರ ಉಳಿಯುತ್ತದೆ. ಈ ಮೂರರಲ್ಲಿ ಜಾಸ್ತಿ ಜನರಿಗೆ ಇರುವುದು ಇದೇ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು.

ಇನ್ನೆರಡು ಮಕ್ಕಳಲ್ಲಿ ಹೆಚ್ಚು ಕಾಣುತ್ತವೆ. ಒಂದು ಆರ್ಫಿಡ್. ಇವರಿಗೆ ತೂಕದ ಚಿಂತೆಯೇ ಇಲ್ಲ. ಕೆಲವು ರುಚಿ, ವಾಸನೆ, ಮುಟ್ಟಿದಾಗ ಆಗುವ ಜಿಗುಟು ಸಹಿಸಲು ಆಗುವುದಿಲ್ಲ, ಅಥವಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯ. ಮೊಸರನ್ನ ಮತ್ತು ಒಂದೇ ಬ್ರ್ಯಾಂಡಿನ ಬಿಸ್ಕತ್ತು ಬಿಟ್ಟು ಬೇರೇನೂ ತಿನ್ನದ ಮಗು ನಿಮಗೂ ಗೊತ್ತಿರಬಹುದು. ಎಲ್ಲ ಚೂಸಿ ಮಕ್ಕಳಿಗೂ ಇದು ಇರುವುದಿಲ್ಲ. ಬೆಳವಣಿಗೆ ನಿಂತರೆ, ತೂಕ ಇಳಿದರೆ ಮಾತ್ರ ತಡಮಾಡಬೇಡಿ.

ಇನ್ನೊಂದು ಪೈಕಾ. ಆಹಾರ ಅಲ್ಲದ್ದನ್ನು ತಿನ್ನುವುದು. ನಮ್ಮ ಕಡೆ ಬಳಪ, ಸೀಮೆಸುಣ್ಣ, ಕೆಮ್ಮಣ್ಣು ತಿನ್ನುವವರು ಎಷ್ಟು ಜನ ಇದ್ದಾರೆ! ಬಸುರಿಯರಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಕಂಡರೆ ಬಾಯಲ್ಲಿ ನೀರೂರುತ್ತದೆ ಅಂತ ಅಜ್ಜಿಯರು ನಗುತ್ತಾ ಹೇಳುತ್ತಾರೆ. ಇದಕ್ಕೆ ಹಲವು ಸಲ ಕಬ್ಬಿಣಾಂಶದ ಕೊರತೆಯ ನಂಟು ಇರುತ್ತದೆ. ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಸರಿಯಾದ ಮೇಲೆ ಬಳಪದ ಆಸೆ ತಾನಾಗೇ ಹೋದವರನ್ನು ನಾನು ನೋಡಿದ್ದೇನೆ.

ಇದು ಬರೀ ಹಟ. ಎರಡು ಬಿಟ್ಟರೆ ತಿಂತಾಳೆ ಅಂತಾರೆ ನಮ್ಮ ಮನೆಯವರು.

ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಉತ್ತರಗಳೂ ಇದರ ಮೇಲೆ ನಿಂತಿವೆ.

ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. 36 ಯುವಕರು ತಾವಾಗೇ ಮುಂದೆ ಬಂದಿದ್ದರು. ದೇಹವೂ ಮನಸ್ಸೂ ಗಟ್ಟಿ ಇದೆ ಅಂತ ಪರೀಕ್ಷೆ ಮಾಡಿಯೇ ಆರಿಸಿದ್ದರು. ಅವರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಏನಾಯಿತು ನೋಡಿ. ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ಹಗಲು ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದಲು ಶುರು ಮಾಡಿದರು. ತಟ್ಟೆಯಲ್ಲಿದ್ದದ್ದನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿಂದರು, ತಟ್ಟೆ ನೆಕ್ಕಿದರು. ಸಿಡುಕು, ಖಿನ್ನತೆ, ಬೇಸಿಗೆಯಲ್ಲೂ ಚಳಿ. ಗೆಳೆಯರ ಜೊತೆ ಮಾತು ನಿಂತಿತು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿದ ಹಾಗೇ ಆಗಲಿಲ್ಲ.

ಇದನ್ನು ಕೇಳಿದ ತಂದೆತಾಯಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರ ಮನೆಯಲ್ಲೂ ಮಗಳು ಅಡುಗೆ ವಿಡಿಯೋ ನೋಡುತ್ತಾ ಕೂರುತ್ತಾಳೆ, ಎಲ್ಲರಿಗೂ ಕೇಕ್ ಮಾಡಿ ಬಡಿಸುತ್ತಾಳೆ, ತಾನು ಮಾತ್ರ ಮುಟ್ಟುವುದಿಲ್ಲ. ಒಂದು ಇಡ್ಲಿಯನ್ನು ಮುಕ್ಕಾಲು ಗಂಟೆ ಕಿವುಚುತ್ತಾಳೆ. ಅದು ಹಟದ ಹಾಗೆ ಕಾಣುತ್ತದೆ ನಿಜ. ಆದರೆ ಅದರಲ್ಲಿ ಬಹಳಷ್ಟು ಹಸಿದ ಮಿದುಳಿನ ಕೆಲಸ. ಹಸಿದ ಮಿದುಳಿನ ಜೊತೆ ವಾದ ಮಾಡಿ ಯಾರೂ ಗೆದ್ದಿಲ್ಲ. ಬುದ್ಧಿವಾದ ಆಮೇಲೆ. ಮೊದಲು ಊಟ ಒಳಗೆ ಹೋಗಬೇಕು, ಅದೂ ಬೈಗುಳ ಇಲ್ಲದೆ.

ಯಾಕೆ ಬರುತ್ತದೆ? ನಾವು ಬೆಳೆಸಿದ್ದರಲ್ಲಿ ತಪ್ಪಾಯ್ತಾ?

ಈ ಪ್ರಶ್ನೆಯನ್ನು ಹೆಚ್ಚಾಗಿ ಅಮ್ಮಂದಿರೇ ಕೇಳುತ್ತಾರೆ, ದನಿ ತಗ್ಗಿಸಿ. ನನ್ನ ಉತ್ತರ: ನಿಮ್ಮಿಂದ ಬಂದದ್ದಲ್ಲ. ಆದರೆ ವಾಸಿ ಮಾಡುವುದರಲ್ಲಿ ನಿಮ್ಮ ಪಾಲು ತುಂಬಾ ದೊಡ್ಡದು.

ಒಂದೇ ಕಾರಣ ಅಂತ ಇಲ್ಲ. ರಕ್ತದಲ್ಲಿ ಬರುವ ಪಾಲು ಇದೆ. ಅವಳಿ ಮಕ್ಕಳ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. 2019ರಲ್ಲಿ ಆನೊರೆಕ್ಸಿಯಾ ಇದ್ದ ಸುಮಾರು 17 ಸಾವಿರ ಜನರ ವಂಶವಾಹಿಗಳನ್ನು ಪರೀಕ್ಷಿಸಿದಾಗ ಈ ಕಾಯಿಲೆಗೆ ನಂಟಿರುವ 8 ಜಾಗಗಳು ಸಿಕ್ಕವು. ಮನಸ್ಸಿಗೆ ಮಾತ್ರ ಅಲ್ಲ, ದೇಹ ಸಕ್ಕರೆ ಮತ್ತು ಕೊಬ್ಬನ್ನು ಬಳಸುವ ರೀತಿಗೂ ನಂಟು ಕಂಡಿತು. ಸ್ವಭಾವದ್ದೂ ಒಂದು ಪಾಲು. ಎಲ್ಲದರಲ್ಲೂ ಫಸ್ಟ್ ಬರಬೇಕು ಅನ್ನುವ ಮಕ್ಕಳು, ಸಣ್ಣದಕ್ಕೂ ಕಳವಳ ಪಡುವವರು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡದಿದ್ದರೆ ಸಮಾಧಾನ ಇಲ್ಲದವರು. ಕೆಲವರ ಹಿಂದೆ ಚಿಕ್ಕಂದಿನ ಹಿಂಸೆ, ಲೈಂಗಿಕ ದೌರ್ಜನ್ಯ, ಶಾಲೆಯಲ್ಲಿ ಆಡಿಕೊಂಡದ್ದು ಇರುತ್ತದೆ.

ಇದರ ಮೇಲೆ ಸುತ್ತಲಿನ ಮಾತು. ಫಿಜಿ ದ್ವೀಪದ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಲಕ್ಷಣ ಅಂತಿದ್ದ ಜನ. ಆನ್ ಬೆಕರ್ ಅನ್ನುವ ವೈದ್ಯೆ ಶಾಲೆಯ ಹುಡುಗಿಯರನ್ನು ಆಗ ಕೇಳಿದಾಗ ತೂಕಕ್ಕಾಗಿ ವಾಂತಿ ಮಾಡಿಕೊಳ್ಳುತ್ತೇವೆ ಅಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 11 ಜನ ಹೌದು ಅಂದರು. ಮೂರೇ ವರ್ಷ! ನಮ್ಮ ಮಕ್ಕಳ ಕೈಯಲ್ಲಿ ಈಗ ದಿನವಿಡೀ ಮೊಬೈಲ್ ಇದೆ.

ಮೊಬೈಲನ್ನೇ ಬೈದು ಕೂರುವುದೂ ಸರಿಯಲ್ಲ. ಗೃಹಪ್ರವೇಶಕ್ಕೆ ಹೋದರೆ ಬಾಗಿಲಲ್ಲೇ "ಏನಮ್ಮಾ, ಸ್ವಲ್ಪ ದಪ್ಪ ಆಗಿದೀಯಾ ಅಲ್ವಾ?" ಅನ್ನುವ ಚಿಕ್ಕಮ್ಮ ಇರುತ್ತಾರೆ. ಗಂಡಿನ ಕಡೆಯವರು ಫೋಟೋ ನೋಡಿ "ಹುಡುಗಿ ಸ್ವಲ್ಪ ತೆಳ್ಳಗಾದರೆ ಚೆನ್ನಾಗಿತ್ತು" ಅಂತ ಬ್ರೋಕರ್ ಕೈಲಿ ಹೇಳಿ ಕಳಿಸುತ್ತಾರೆ. ಭರತನಾಟ್ಯ, ಓಟ, ಜಿಮ್ನಾಸ್ಟಿಕ್ಸ್, ಮಾಡೆಲಿಂಗ್ ಕಡೆ ಇರುವ ಮಕ್ಕಳಿಗೆ ಇನ್ನೂ ಜಾಸ್ತಿ. ಹೆಚ್ಚಿನವರಲ್ಲಿ ಕಾಯಿಲೆ ಶುರುವಾಗುವುದು ಒಂದು ಸಾದಾ ಡಯಟ್‌ನಿಂದ. ನೂರು ಜನ ಡಯಟ್ ಶುರು ಮಾಡಿ ಬಿಟ್ಟುಬಿಡುತ್ತಾರೆ, ಮೈಯಲ್ಲಿ ಆ ಒಲವು ಇರುವವರಿಗೆ ಬಿಡಲು ಆಗುವುದಿಲ್ಲ.

ಇದು ದುಡ್ಡಿರೋರ ಮನೆ ಹುಡುಗಿಯರ ಹೊಸ ಕಾಯಿಲೆ ಅಲ್ವಾ?

ಹೊಸದಲ್ಲ. 1689ರಲ್ಲೇ ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ ಅನ್ನುವ ವೈದ್ಯರು ಕ್ಷಯ ಇಲ್ಲದೆಯೂ ಊಟ ಬಿಟ್ಟು ಸೊರಗಿದ ಇಬ್ಬರ ಬಗ್ಗೆ ಬರೆದಿಟ್ಟಿದ್ದಾರೆ. ಅವರಲ್ಲಿ ಒಬ್ಬ 16 ವರ್ಷದ ಹುಡುಗ. ಆನೊರೆಕ್ಸಿಯಾ ನರ್ವೋಸಾ ಅಂತ ಹೆಸರಿಟ್ಟದ್ದು ಲಂಡನ್ನಿನ ವೈದ್ಯ ವಿಲಿಯಂ ಗಲ್, 1870ರ ದಶಕದಲ್ಲಿ. ಬುಲಿಮಿಯಾವನ್ನು ಬೇರೆಯಾಗಿ ಗುರುತಿಸಿದ್ದು 1979ರಲ್ಲಿ, ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್.

ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನಿಂದ ಬರುವವರೂ ಇದ್ದಾರೆ, ಕಾಮಾಕ್ಷಿಪಾಳ್ಯದಿಂದ ಬಿಎಂಟಿಸಿ ಬಸ್ಸಲ್ಲಿ ಬರುವವರೂ ಇದ್ದಾರೆ. ವ್ಯತ್ಯಾಸ ಒಂದೇ. ಮೊದಲಿನವರು ಬೇಗ ಬರುತ್ತಾರೆ. ಎರಡನೆಯವರು ದೃಷ್ಟಿ ತೆಗೆಸಿ, ದೇವರಿಗೆ ಹರಕೆ ಹೊತ್ತು, ಹಸಿವಿನ ಟಾನಿಕ್ ಕುಡಿಸಿ, ಎಲ್ಲ ಮುಗಿದ ಮೇಲೆ ಬರುತ್ತಾರೆ. ಟಾನಿಕ್ ಇಲ್ಲಿ ಕೆಲಸ ಮಾಡುವುದಿಲ್ಲ. ಅವರಿಗೆ ಹಸಿವು ಇಲ್ಲ ಅಂತಲ್ಲ. ಹಸಿವಿಗಿಂತ ಭಯ ಜಾಸ್ತಿ.

ನಮ್ಮ ಹುಡುಗಿಗೆ ದಪ್ಪ ಆಗೋ ಭಯ ಇಲ್ಲ. ಬರೀ ಗ್ಯಾಸ್ಟ್ರಿಕ್ ಅಂತಾಳೆ.

ಬೆಂಗಳೂರಿನಲ್ಲಿ ಎಲ್ಲ ಕಾಯಿಲೆಗೂ ಮೊದಲ ಹೆಸರು ಗ್ಯಾಸ್ಟ್ರಿಕ್. ಊಟ ಮಾಡಿದ ತಕ್ಷಣ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ತುಂಬಿದ ಹಾಗೆ, ಎದೆಯುರಿ. ಮಾತ್ರೆ ಆಯ್ತು, ಎಂಡೋಸ್ಕೋಪಿ ಆಯ್ತು, ಏನೂ ಇಲ್ಲ ಅಂದರು. ತೂಕ ಮಾತ್ರ ಇಳೀತಾ ಇದೆ.

ಎರಡು ವಿಷಯ ಗೊತ್ತಿರಲಿ. ಒಂದು, ತುಂಬಾ ದಿನ ಕಡಿಮೆ ತಿಂದರೆ ಹೊಟ್ಟೆ ಖಾಲಿಯಾಗುವುದೇ ನಿಧಾನವಾಗುತ್ತದೆ. ಹಾಗಾಗಿ ಆ ಉಬ್ಬರ ನಾಟಕ ಅಲ್ಲ, ನಿಜವಾದದ್ದು. ಸರಿಯಾಗಿ ಊಟ ಶುರುವಾದ ಮೇಲೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಇನ್ನೊಂದು, ಏಷ್ಯಾದ ಹಲವು ರೋಗಿಗಳು ದಪ್ಪದ ಮಾತೇ ಎತ್ತದೆ ಹೊಟ್ಟೆಯ ಮಾತು ಆಡುತ್ತಾರೆ ಅಂತ ಹಾಂಗ್‌ಕಾಂಗಿನ ವೈದ್ಯರು 1990ರ ದಶಕದಲ್ಲೇ ಗುರುತಿಸಿದ್ದಾರೆ. ದಪ್ಪ ಆಗುವ ಭಯ ಬಾಯಲ್ಲಿ ಬರಲಿಲ್ಲ ಅಂತ ಕಾಯಿಲೆ ಇಲ್ಲ ಅನ್ನಬೇಡಿ. ಹಾಗೇ ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದ ಕಾಯಿಲೆ), ಕ್ಷಯ, ಕರುಳಿನ ಕಾಯಿಲೆ ಇಲ್ಲ ಅಂತ ಒಂದು ಸಲ ಖಾತ್ರಿ ಮಾಡಿಕೊಳ್ಳುವುದೂ ಮುಖ್ಯ.

ದೇಹಕ್ಕೆ ಏನೇನು ಆಗುತ್ತದೆ?

ಹೃದಯದಿಂದ ಶುರು ಮಾಡುತ್ತೇನೆ, ಏಕೆಂದರೆ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಅಲ್ಲಿಂದ. ಊಟ ಸಾಲದಿದ್ದರೆ ಮೈ ಖರ್ಚು ಕಡಿಮೆ ಮಾಡುತ್ತದೆ. ನಾಡಿ ನಿಧಾನ, ಬಿ.ಪಿ. ಕಡಿಮೆ, ಎದ್ದು ನಿಂತರೆ ಕಣ್ಣು ಕತ್ತಲೆ. ಹೃದಯದ ಸ್ನಾಯುವೇ ಸವೆಯುತ್ತದೆ. ಕ್ರೀಡಾಪಟುಗಳಿಗೆ ನಾಡಿ ನಿಧಾನ ಇರುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ಬೇರೆ, ಇದು ಬೇರೆ. ಪದೇ ಪದೇ ವಾಂತಿ ಅಥವಾ ಭೇದಿ ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಅದು ಇಳಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ನಿಂತೇ ಹೋಗಬಹುದು. ಅಮೆರಿಕದ ಗಾಯಕಿ ಕ್ಯಾರನ್ ಕಾರ್ಪೆಂಟರ್ 1983ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡದ್ದು ಆನೊರೆಕ್ಸಿಯಾದಿಂದ ಹೃದಯಕ್ಕಾದ ತೊಂದರೆಯಿಂದ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಆನೊರೆಕ್ಸಿಯಾ ಒಂದು. ಆ ಸಾವುಗಳಲ್ಲಿ ಆತ್ಮಹತ್ಯೆಯ ಪಾಲೂ ದೊಡ್ಡದು.

ಮೂಳೆ. ಜೀವನಪೂರ್ತಿ ಬೇಕಾದ ಮೂಳೆಯ ಗಟ್ಟಿತನ ಬಹುಪಾಲು ಹದಿಹರೆಯದಲ್ಲೇ ಕೂಡುತ್ತದೆ. ಆ ವರ್ಷಗಳಲ್ಲಿ ಊಟ ಬಿಟ್ಟರೆ ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಇಪ್ಪತ್ತೈದಕ್ಕೇ ಅಜ್ಜಿಯ ಮೂಳೆ.

ಹಲ್ಲು. ವಾಂತಿಯ ಆಮ್ಲಕ್ಕೆ ಮೇಲಿನ ಮುಂದಿನ ಹಲ್ಲುಗಳ ಒಳಬದಿ ಸವೆಯುತ್ತದೆ. ಎಷ್ಟೋ ಸಲ ಬುಲಿಮಿಯಾವನ್ನು ಮೊದಲು ಹಿಡಿಯುವುದು ಡೆಂಟಿಸ್ಟ್. ವಾಂತಿ ಆದ ತಕ್ಷಣ ಹಲ್ಲುಜ್ಜಬಾರದು, ಮೆತ್ತಗಾದ ಹೊರಪದರ ಇನ್ನೂ ಕಿತ್ತು ಬರುತ್ತದೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಕಿವಿಯ ಕೆಳಗೆ ಕೆನ್ನೆ ಊದುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಕಲೆ ಇವೂ ಗುರುತುಗಳೇ.

ಇನ್ನು ಕೂದಲು ಉದುರುವುದು, ಚರ್ಮ ಒಣಗುವುದು, ಮಲಬದ್ಧತೆ, ರಕ್ತಹೀನತೆ, ಮೈಮೇಲೆ ತೆಳ್ಳನೆ ನವಿರು ಕೂದಲು ಬೆಳೆಯುವುದು. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ತೆಗೆಯದ ಹುಡುಗಿಯನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಬಿಂಜ್ ಈಟಿಂಗ್‌ನ ದಾರಿ ಬೇರೆ. ಅಲ್ಲಿ ಶುಗರ್, ಬಿ.ಪಿ., ಕೊಬ್ಬಿದ ಲಿವರ್, ಜೊತೆಗೆ ಖಿನ್ನತೆ.

ಒಂದು ಎಚ್ಚರಿಕೆ. ರಕ್ತದ ರಿಪೋರ್ಟ್ ನಾರ್ಮಲ್ ಬಂತು ಅಂತ ನಿಶ್ಚಿಂತೆಯಾಗಬೇಡಿ. ಕಾಯಿಲೆ ಸಾಕಷ್ಟು ಮುಂದುವರಿದಾಗಲೂ ರಿಪೋರ್ಟ್ ನಾರ್ಮಲ್ ಇರಬಹುದು.

ಮುಟ್ಟು ನಿಂತಿದೆ. ಪಿಸಿಒಡಿ ಇರಬಹುದು, ತೂಕ ಇಳಿಸಿ ಅಂದರು.

ಪಿಸಿಒಡಿ, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ, ನಿಜಕ್ಕೂ ಇರಬಹುದು. ಆದರೆ ಊಟ ಕಡಿಮೆಯಾದರೂ, ವ್ಯಾಯಾಮ ಅತಿಯಾದರೂ ಮುಟ್ಟು ನಿಲ್ಲುತ್ತದೆ. ಆ ಹುಡುಗಿಗೆ ತೂಕ ಇಳಿಸು ಅಂದರೆ ಕಾಯಿಲೆಗೆ ಡಾಕ್ಟರ ಚೀಟಿ ಸಿಕ್ಕ ಹಾಗಾಯಿತು. ಇತ್ತೀಚೆಗೆ ತೂಕ ಎಷ್ಟು ಇಳಿದಿದೆ, ದಿನಕ್ಕೆ ಏನೇನು ತಿಂತಾಳೆ ಅನ್ನೋದನ್ನು ಡಾಕ್ಟರಿಗೆ ನೀವೇ ಮುಂದಾಗಿ ಹೇಳಿ. ಎರಡು ನಿಮಿಷದ ಭೇಟಿಯಲ್ಲಿ ಅವರಿಗೆ ಅದು ಕಾಣದೆ ಹೋಗಬಹುದು.

ತೂಕ ಸರಿಯಾಗೇ ಇದೆ. ನೋಡಿದರೆ ಚೆನ್ನಾಗೇ ಇದ್ದಾರೆ. ಆದರೂ ಇರಬಹುದಾ?

ಇರಬಹುದು. ಬುಲಿಮಿಯಾ ಇರುವ ಹೆಚ್ಚಿನವರ ತೂಕ ಸಾಧಾರಣವಾಗೇ ಇರುತ್ತದೆ. ಮೊದಲು ದಪ್ಪಗಿದ್ದು ಬೇಗ ಇಳಿದವರಲ್ಲಿ ನಾಡಿ, ರಕ್ತದೊತ್ತಡ ಎಲ್ಲ ಕೆಟ್ಟಿರುತ್ತದೆ, ಆದರೆ ನೆಂಟರೆಲ್ಲ "ಸೂಪರ್ ಕಣೇ, ಹೇಗೆ ಇಳಿಸಿದೆ?" ಅಂತ ಕೇಳುತ್ತಿರುತ್ತಾರೆ. ಆ ಮೆಚ್ಚುಗೆಯೇ ಕಾಯಿಲೆಗೆ ಊಟ.

ಗಂಡುಮಕ್ಕಳಿಗೂ ಬರುತ್ತಾ?

ಬರುತ್ತದೆ, ಆದರೆ ಯಾರೂ ಕೇಳುವುದಿಲ್ಲ. ಹುಡುಗರಲ್ಲಿ ಹಲವರಿಗೆ ತೆಳ್ಳಗಾಗುವ ಆಸೆಗಿಂತ ಕಟ್ಟುಮಸ್ತಾಗಬೇಕು ಅನ್ನುವ ಹಂಬಲ. ಎಷ್ಟು ತೋಳು ಬಂದರೂ ಸಾಲದು. ದಿನಕ್ಕೆ ಎರಡು ಹೊತ್ತು ಜಿಮ್, ಡಬ್ಬಗಟ್ಟಲೆ ಪ್ರೋಟೀನ್ ಪುಡಿ, ಮನೆಯಲ್ಲಿ ಅಮ್ಮ ಮಾಡಿದ ಚಿತ್ರಾನ್ನ ಮುಟ್ಟಲ್ಲ. ಜ್ವರ ಬಂದರೂ, ಮಂಡಿ ನೋವಾದರೂ ಜಿಮ್ ಬಿಡುವುದಿಲ್ಲ. ಒಂದು ದಿನ ತಪ್ಪಿದರೆ ಮನೆಯವರ ಮೇಲೆಲ್ಲ ರೇಗಾಟ. ಮಗ ಎಷ್ಟು ಶಿಸ್ತು ಅಂತ ಅಪ್ಪ ಹೆಮ್ಮೆ ಪಡುತ್ತಿರುತ್ತಾರೆ. ಶಿಸ್ತಿಗೂ ಇದಕ್ಕೂ ಇರುವ ಗೆರೆ ಸುಲಭ. ಒಂದು ದಿನ ಬಿಡು ಅಂದಾಗ ಏನಾಗುತ್ತದೆ ನೋಡಿ.

ರಾತ್ರಿ ಆ್ಯಪ್‌ನಲ್ಲಿ ಆರ್ಡರ್ ಮಾಡಿ ಹೊಟ್ಟೆ ಬಿರಿಯುವಷ್ಟು ತಿಂತೀನಿ. ನಂಗೆ ಮನಸ್ಸಿನ ಹಿಡಿತ ಇಲ್ವಾ?

ಒಂಟಿಯಾಗಿ ರೂಮ್ ಮಾಡಿಕೊಂಡಿರುವ, ಶಿಫ್ಟ್ ಕೆಲಸದ ಹುಡುಗ ಹುಡುಗಿಯರು ಇದನ್ನು ತುಂಬಾ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟೇ: ಬೆಳಗ್ಗೆ ಏನು ತಿಂದೆ? ಕಾಫಿ. ಮಧ್ಯಾಹ್ನ? ಸಲಾಡ್. ಸಂಜೆ? ಮತ್ತೆ ಕಾಫಿ.

ಹಗಲೆಲ್ಲ ಉಪವಾಸ ಕೆಡವಿದ ದೇಹ ರಾತ್ರಿ ಲೆಕ್ಕ ತೀರಿಸಿಕೊಳ್ಳುತ್ತದೆ. ಆಮೇಲೆ ನಾಚಿಕೆ, ನಾಳೆಯಿಂದ ಇನ್ನೂ ಕಟ್ಟುನಿಟ್ಟು, ನಾಳೆ ರಾತ್ರಿ ಮತ್ತೆ ಅದೇ. ಈ ಸುತ್ತು ಮುರಿಯುವುದು ರಾತ್ರಿ ಅಲ್ಲ, ಬೆಳಗ್ಗೆ. ತಿಂಡಿ ಬಿಡಬೇಡಿ. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ರಾತ್ರಿ ಹೆಚ್ಚು ತಿಂದಿದ್ದರೂ ಮರುದಿನ ಬೆಳಗ್ಗೆ ಪಕ್ಕದ ದರ್ಶಿನಿಯಲ್ಲಿ ಇಡ್ಲಿ ವಡೆ ತಿನ್ನಿ. ಇದು ಕೇಳಲು ತಲೆಕೆಳಗಾಗಿ ಕಾಣುತ್ತದೆ, ಆದರೆ ಹೆಚ್ಚಿನವರಲ್ಲಿ ಮೊದಲ ಬದಲಾವಣೆ ಕಾಣುವುದು ಇಲ್ಲೇ. ಇದರಿಂದ ಸಾಲದಿದ್ದರೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಇಂಥವರು ಈಗ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳುತ್ತಾರೆ. ಬಿಂಜ್ ಇದೆ, ವಾಂತಿ ಇದೆ ಅನ್ನೋದನ್ನು ಡಾಕ್ಟರಿಗೆ ಹೇಳದೆ ಅದನ್ನು ಶುರು ಮಾಡಬೇಡಿ.

ಏಕಾದಶಿ, ಸಂಕಷ್ಟಿ ಉಪವಾಸ ಮಾಡಬಹುದಾ?

ಆರೋಗ್ಯವಾಗಿರುವವರಿಗೆ ಅದು ಅವರ ಇಷ್ಟ. ಈ ಕಾಯಿಲೆ ಇರುವವರಿಗೆ, ವಾಸಿಯಾಗುತ್ತಿರುವವರಿಗೆ ಬೇಡ. ಮೊದಲು ತಿಂಗಳಿಗೊಂದು ಸಂಕಷ್ಟಿ ಇದ್ದದ್ದು ಸೋಮವಾರ, ಗುರುವಾರ, ಶನಿವಾರ ಅಂತ ಹೆಚ್ಚುತ್ತಾ ಹೋದರೆ ಅದು ಭಕ್ತಿಯೋ ಕಾಯಿಲೆಯೋ ಅಂತ ಯೋಚಿಸಿ. ಕಾಯಿಲೆಯವರಿಗೆ, ಬಸುರಿಯರಿಗೆ, ಮಕ್ಕಳಿಗೆ ಉಪವಾಸದಿಂದ ವಿನಾಯಿತಿ ನಮ್ಮ ಸಂಪ್ರದಾಯದಲ್ಲೇ ಇದೆ. ಅಜ್ಜಿ ಬಾಯಿಂದ "ಈ ವರ್ಷ ನಿನ್ನ ಉಪವಾಸ ನಾನು ಮಾಡ್ತೀನಿ, ನೀನು ಊಟ ಮಾಡು ಮಗಾ" ಅಂತ ಹೇಳಿಸಿದ ಮನೆಯೊಂದು ನನಗೆ ಗೊತ್ತು. ನನ್ನ ಹತ್ತು ಮಾತಿಗಿಂತ ಅದು ನಾಟಿತು.

ಊಟದ ಹೊತ್ತಿಗೆ ನಾವು ಏನು ಹೇಳಬೇಕು, ಏನು ಹೇಳಬಾರದು?

ಮೊದಲು, ಊಟದ ಹೊತ್ತಲ್ಲಿ ಕಾಯಿಲೆಯ ಮಾತು ಬೇಡ. ಆ ಮಾತಿಗೆ ಬೇರೆ ಹೊತ್ತು ನೋಡಿ. ಸಂಜೆ ವಾಕಿಂಗ್ ಹೋದಾಗ, ಸ್ಕೂಟರಲ್ಲಿ ಹೋಗುವಾಗ. ಹೀಗೆ ಶುರು ಮಾಡಬಹುದು: "ಊಟದ ಹೊತ್ತಿಗೆ ನೀನು ತುಂಬಾ ಒದ್ದಾಡೋ ಹಾಗೆ ಕಾಣುತ್ತೆ ಪುಟ್ಟಾ. ನಂಗೆ ಚಿಂತೆ ಆಗ್ತಿದೆ. ಇಬ್ಬರೂ ಸೇರಿ ಡಾಕ್ಟರ್ ಹತ್ರ ಹೋಗೋಣ." ಮೊದಲ ಸಲ ಬಾಗಿಲು ಬಡಿದುಕೊಂಡು ಹೋಗಬಹುದು. ಮತ್ತೆ ಹೇಳಿ.

ಊಟಕ್ಕೆ ಕೂತಾಗ ಹೇಗೆ ಅಂತ ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಅಮ್ಮ ಮುದ್ದೆ, ಸೊಪ್ಪಿನ ಸಾರು, ಒಂದು ಚಮಚ ತುಪ್ಪ ಬಡಿಸಿ ತಟ್ಟೆ ಮುಂದಿಟ್ಟರು. ಮಗಳು ತುಪ್ಪ ಬೇಡ ಅಂದಳು. ಅಮ್ಮ ಚೌಕಾಸಿಗೆ ಇಳಿಯಲಿಲ್ಲ, ಗದರಲಿಲ್ಲ. "ಇವತ್ತಿನ ಊಟ ಇದು. ನಾನು ಇಲ್ಲೇ ಕೂತಿರ್ತೀನಿ" ಅಂದರು ಅಷ್ಟೇ. ಅಳು ಬಂತು. ಅಮ್ಮ ತಾವೂ ಅದೇ ಊಟ ಮಾಡುತ್ತಾ ಎದುರುಮನೆ ನಾಯಿಯ ಕಥೆ ಹೇಳಿದರು. ಅವಳ ತಮ್ಮ ಕ್ರಿಕೆಟ್ ಸ್ಕೋರ್ ಹೇಳಿದ. ಸಾರು ಆರಿತು, ಬಿಸಿ ಮಾಡಿ ತಂದರು. ಮುಗಿಯಲು ಒಂದು ಗಂಟೆ ಹಿಡಿಯಿತು. ಆಮೇಲೆ ಒಂದು ಗಂಟೆ ಎಲ್ಲರೂ ಹಾಲ್‌ನಲ್ಲೇ ಕೂತು ಟಿ.ವಿ. ನೋಡಿದರು, ಅವಳು ತಕ್ಷಣ ಬಾತ್‌ರೂಮಿಗೆ ಹೋಗದಿರಲಿ ಅಂತ. ಮರುದಿನ ಮತ್ತೆ ಅದೇ. ಇದು ತುಂಬಾ ಸುಸ್ತಿನ ಕೆಲಸ. ಅಪ್ಪ, ಅಜ್ಜಿ, ಅತ್ತೆ ಸರದಿ ತೆಗೆದುಕೊಳ್ಳಲೇಬೇಕು, ಅಮ್ಮ ಒಬ್ಬರ ಮೇಲೆ ಬಿಡಬೇಡಿ.

ಹೇಳಬಾರದ್ದು ಹಲವು ಇವೆ. "ಎಷ್ಟು ಸೊರಗಿದೀಯಾ", "ಅಸ್ಥಿಪಂಜರ", "ಊಟ ಸಿಗದವರನ್ನ ನೋಡು". ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ವಾಸಿಯಾಗುತ್ತಿರುವಾಗ ಪ್ರೀತಿಯಿಂದ ಆಡುವ ಮಾತು: "ಈಗ ಮೈಕೈ ತುಂಬಿಕೊಂಡು ಚೆನ್ನಾಗಿದೀಯಾ!" ನೀವು ಹೇಳಿದ್ದು ಚೆನ್ನಾಗಿದೀಯಾ ಅಂತ, ಅವಳ ಕಿವಿಗೆ ಬಿದ್ದದ್ದು ದಪ್ಪ ಆದೆ ಅಂತ. ದೇಹದ ಮಾತೇ ಬೇಡ, ನಿಮ್ಮ ದೇಹದ್ದೂ ಸೇರಿ. ಮನೆಯ ತೂಕದ ಮಷೀನನ್ನು ಅಟ್ಟಕ್ಕೆ ಹಾಕಿ.

ಪಿ.ಜಿ.ಯಲ್ಲಿ ನನ್ನ ರೂಮ್‌ಮೇಟ್‌ಗೆ ಇದೆ ಅನ್ನಿಸ್ತಿದೆ. ನಾನೇನು ಮಾಡಲಿ?

ಪೊಲೀಸ್ ಕೆಲಸ ಬೇಡ, ಬಾತ್‌ರೂಮ್ ಬಾಗಿಲಲ್ಲಿ ಕಾಯಬೇಡಿ. ನೀವು ನೋಡಿದ್ದನ್ನು ಒಂದು ಸಲ ಮೆತ್ತಗೆ ಹೇಳಿ. ಜೊತೆಗೆ ಊಟಕ್ಕೆ ಕೂರಿ. ತಲೆ ಸುತ್ತಿ ಬಿದ್ದರೆ, ಬದುಕು ಸಾಕು ಅಂತ ಮಾತಾಡಿದರೆ ಗುಟ್ಟು ಕಾಯಬೇಡಿ. ಅವರ ಮನೆಗೆ ಫೋನ್ ಮಾಡಿ. ಸಿಟ್ಟು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಮೂರ್ಛೆ ಹೋದರೆ, ಎದೆ ನೋವು ಅಥವಾ ಬಡಿತ ತಪ್ಪಿದ ಹಾಗಾದರೆ, ನೀರೂ ಕುಡಿಯದಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ, ಕೈಕಾಲಲ್ಲಿ ಶಕ್ತಿಯೇ ಇಲ್ಲದಿದ್ದರೆ, ಗೊಂದಲದ ಮಾತಾಡಿದರೆ. ಸಕ್ಕರೆ ಕಾಯಿಲೆ ಇದ್ದು ತೂಕಕ್ಕಾಗಿ ಇನ್ಸುಲಿನ್ ಬಿಡುತ್ತಿದ್ದರೆ. ಸಾಯುವ ಮಾತಾಡಿದರೆ. ಮೊದಲು ಹತ್ತಿರದ ಜನರಲ್ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್ ನೋಡಲಿ.

ತುಂಬಾ ದಿನ ಏನೂ ತಿನ್ನದವರಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆ ತುಂಬಾ ಊಟ ಹಾಕಬೇಡಿ. ದೇಹಕ್ಕೆ ದಿಢೀರ್ ಊಟ ಬಿದ್ದಾಗ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ ಆಗಬಹುದು. ಯುದ್ಧಕೈದಿಗಳು ಬಿಡುಗಡೆಯಾಗಿ ಊಟ ಮಾಡಿದ ಮೇಲೆ ಸತ್ತಾಗ ವೈದ್ಯರಿಗೆ ಇದು ಅರಿವಾಯಿತು. ಅಂಥವರಿಗೆ ಊಟ ಹೆಚ್ಚಿಸುವುದು ಡಾಕ್ಟರ ಕಣ್ಣೆದುರಲ್ಲೇ ಆಗಬೇಕು.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು?

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆ ಮನೋವೈದ್ಯ ವಿಭಾಗಗಳಿವೆ. ಬೆಳಗ್ಗೆ ಬೇಗ ಹೋಗಿ, ಕಾಯಬೇಕಾಗುತ್ತದೆ, ಹಳೆಯ ರಿಪೋರ್ಟ್ ಎಲ್ಲ ಒಯ್ಯಿರಿ. ನಿಮ್ಹಾನ್ಸ್ ಅಂದ ಕೂಡಲೇ "ಅಯ್ಯೋ, ಹುಚ್ಚಾಸ್ಪತ್ರೆ" ಅಂತ ಹಿಂಜರಿಯುವವರು ಇನ್ನೂ ಇದ್ದಾರೆ, ನನಗೆ ತುಂಬಾ ಸಂಕಟ ಆಗುತ್ತದೆ. ಆ ಹಿಂಜರಿಕೆಯಲ್ಲಿ ಕಳೆದ ತಿಂಗಳುಗಳು ಮಗುವಿನ ಮೂಳೆಯಲ್ಲಿ ಕಾಣುತ್ತವೆ. ಅಲ್ಲಿಗೆ ಹೋಗಲು ಮನಸ್ಸಿಲ್ಲದಿದ್ದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ.

ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬರೀ ಡಯಟೀಷಿಯನ್ ಹತ್ತಿರ ಬಂದರೆ ಸಾಲದು. ನನ್ನ ಕಸುಬಿನ ಬಗ್ಗೆ ನಾನೇ ಹೇಳುತ್ತಿದ್ದೇನೆ. ಮೈ ನೋಡುವ ಡಾಕ್ಟರ್, ಮನೋವೈದ್ಯರು ಅಥವಾ ಥೆರಪಿಸ್ಟ್, ಊಟಕ್ಕೆ ನಾವು, ಮೂವರೂ ಬೇಕು. ಈಟಿಂಗ್ ಡಿಸಾರ್ಡರ್ ನೋಡಿದ ಅನುಭವ ಇದೆಯಾ ಅಂತ ಫೋನಲ್ಲೇ ಕೇಳಿ. ಮೊದಲ ದಿನವೇ ಡಯಟ್ ಚಾರ್ಟ್ ಕೊಟ್ಟು ಕಳಿಸುವವರಿಂದ ದೂರ ಇರಿ.

ಚಿಕಿತ್ಸೆ ಅಂದ್ರೆ ಮಾತ್ರೆನಾ?

ಮುಖ್ಯವಾಗಿ ಅಲ್ಲ. ಮಕ್ಕಳು, ಹದಿಹರೆಯದವರ ಆನೊರೆಕ್ಸಿಯಾಗೆ ಮೊದಲ ಆಯ್ಕೆ ಮನೆಯವರನ್ನೇ ಮುಂದಿಟ್ಟುಕೊಂಡು ಮಾಡುವ ಚಿಕಿತ್ಸೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ಮೊದಲು ಊಟದ ಜವಾಬ್ದಾರಿ ಪೂರ್ತಿ ತಂದೆತಾಯಿಯದು, ತೂಕ ಬಂದ ಮೇಲೆ ನಿಧಾನವಾಗಿ ಮಗುವಿಗೆ ವಾಪಸ್. ಮೇಲೆ ಹೇಳಿದ ಮುದ್ದೆಯ ಊಟ ಅದರದ್ದೇ ಭಾಗ. ಕೂಡಿ ಬಾಳುವ ನಮ್ಮ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ ಅಂತ ನನ್ನ ನಂಬಿಕೆ.

ಬುಲಿಮಿಯಾ ಮತ್ತು ಬಿಂಜ್‌ಗೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ 20 ವಾರದ ಹತ್ತಿರ. ಬುಲಿಮಿಯಾಗೆ ಫ್ಲೂಆಕ್ಸೆಟಿನ್ ಮಾತ್ರೆ ನೆರವಾಗುತ್ತದೆ, ಅದನ್ನು ಮನೋವೈದ್ಯರೇ ಬರೆಯಬೇಕು. ಆನೊರೆಕ್ಸಿಯಾಗೆ ಊಟವೇ ಔಷಧಿ.

ಪೂರ್ತಿ ವಾಸಿ ಆಗುತ್ತಾ?

ಆಗುತ್ತದೆ. ತುಂಬಾ ಜನ ಪೂರ್ತಿ ವಾಸಿಯಾಗಿದ್ದಾರೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಆದರೆ ತಿಂಗಳುಗಳ ಲೆಕ್ಕ, ಕೆಲವರಿಗೆ ವರ್ಷಗಳು. ನಡುವೆ ಮರುಕಳಿಸಬಹುದು. ಪರೀಕ್ಷೆ, ಹೊಸ ಕೆಲಸ, ಬಾಣಂತನದ ಹೊತ್ತಲ್ಲಿ ಹುಷಾರಾಗಿರಿ. ತೂಕ ಮೊದಲು ಸರಿಯಾಗುತ್ತದೆ, ತಲೆಯೊಳಗಿನ ಭಯ ಆಮೇಲೆ ಹೋಗುತ್ತದೆ. ಹಾಗಾಗಿ ತೂಕ ಬಂತು ಅಂತ ಚಿಕಿತ್ಸೆ ನಿಲ್ಲಿಸಬೇಡಿ.

ಮದುವೆ ಗೊತ್ತಾಗಿದೆ. ಅದು ಮುಗಿದ ಮೇಲೆ ತೋರಿಸಬಹುದಾ?

ಬೇಡ. ಮದುವೆಯ ತಿಂಗಳುಗಳು ಅಂದರೆ ಬ್ಲೌಸ್ ಅಳತೆ, ಫೋಟೋ ಶೂಟ್, ನೂರು ಜನರ ಕಣ್ಣು. ಕಾಯಿಲೆ ಹೆಚ್ಚುವುದಕ್ಕೆ ಇದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ. ಈಗಲೇ ತೋರಿಸಿ. ದರ್ಜಿಗೆ ಹೇಳಿ ಬ್ಲೌಸಿನ ಹೊಲಿಗೆಯಲ್ಲಿ ಬಟ್ಟೆ ಜಾಸ್ತಿ ಬಿಡಿಸಿ.

ಇನ್ಶೂರೆನ್ಸ್ ಸಿಗುತ್ತಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆಸ್ಪತ್ರೆಗೆ ಸೇರಿದ ಖರ್ಚಿಗೆ ಕೇಳಿ. ಹೊರರೋಗಿ ಭೇಟಿ, ಥೆರಪಿಯ ದುಡ್ಡು ನಿಮ್ಮ ಪಾಲಿಸಿಯಲ್ಲಿ ಸೇರಿದೆಯಾ ಅಂತ ಮೊದಲೇ ಓದಿ ನೋಡಿ. ಕ್ಲೇಮ್ ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೊಡಿ ಅನ್ನಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಹೆಸರು ಸ್ಪಷ್ಟವಾಗಿ ಬರೆಸಿಕೊಳ್ಳಿ. ಬರೀ "ಸುಸ್ತು, ವಾಂತಿ" ಅಂತ ಬರೆದಿದ್ದರೆ ಆಮೇಲೆ ಓಡಾಟ ತಪ್ಪುವುದಿಲ್ಲ.